ಮಳೆ ಪುಸ್ತಕದ ಖಾಲಿ ಗೆರೆಗಳು

ಮಾದಾಪುರ ಕಡೆಯಿಂದ ಮಡಿಕೇರಿಗೆ ಹೋಗುವ ನಮ್ಮ ಬೆಳಗಿನ ಬಸ್ಸು ಹಟ್ಟಿಹೊಳೆ ದಾಟಿದ ಮೇಲೆ ಒಂದು ತಿರುವಿನಲ್ಲಿ ನಿಧಾನ ಆಗುತ್ತದೆ. ಕಂಡಕ್ಟರಣ್ಣ ಬಾಗಿಲಿಗೆ ಒರಗಿಕೊಂಡು ‘ಅಂಗಡಿ ಯಾರು, ಅಂಗಡಿ’ ಎಂದು ಕೂಗುತ್ತಾರೆ. ಅಲ್ಲಿ ಅಂಗಡಿ ಇಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಅದೂ ಹೋಯಿತು. ಈಗ ಇರುವುದು ಒಂದು ತಡೆಗೋಡೆ, ಅದರ ಮೇಲೆ ಆಳೆತ್ತರದ ಹುಲ್ಲು. ಆದರೂ ಇಳಿಯುವವರು ‘ಅಂಗಡಿ ಹತ್ರ ನಿಲ್ಸಿ’ ಅಂತಲೇ ಹೇಳುತ್ತಾರೆ. ತೋಟದ ಕೆಲಸಕ್ಕೆ ಹೊಸದಾಗಿ ಬಂದ ಅಸ್ಸಾಮಿನ ಹುಡುಗರೂ ಈಗ ‘ಅಂಗ್ಡಿ, ಅಂಗ್ಡಿ’ ಅನ್ನುತ್ತಾರೆ. ಅವರು ಆ ಅಂಗಡಿಯನ್ನು ಕಣ್ಣಲ್ಲಿ ನೋಡಿದವರೇ ಅಲ್ಲ.

ಮೂರು ವರ್ಷದಿಂದ ಈ ಕೂಗು ಕೇಳುತ್ತಿದ್ದೇನೆ. ಇನ್ನು ಕೆಲವೇ ವಾರ. ಆಮೇಲೆ ಆರನೇ ಸೆಮಿಸ್ಟರ್ ಪರೀಕ್ಷೆ, ಅದಾದ ಮೇಲೆ ಬಿ.ಎ. ಮುಗಿದ ಹಾಗೆ.

ಕಾಲೇಜಿನ ನೆನಪು ಬರೆಯುವವರು ಹಾಸ್ಟೆಲ್ ಬಗ್ಗೆ ಬರೆಯುತ್ತಾರೆ, ಕ್ಯಾಂಟೀನ್ ಬಗ್ಗೆ ಬರೆಯುತ್ತಾರೆ. ನನಗೆ ಹಾಸ್ಟೆಲ್ ಇಲ್ಲ. ಕ್ಯಾಂಟೀನಿನಲ್ಲಿ ಕೂರುವಷ್ಟು ಹೊತ್ತೂ ಇರುತ್ತಿರಲಿಲ್ಲ, ಸಂಜೆಯ ಬಸ್ಸು ಬಿಟ್ಟರೆ ಮುಂದಿನದು ಕತ್ತಲಾದ ಮೇಲೆ. ನನ್ನ ಕಾಲೇಜಿನ ಅರ್ಧ ಭಾಗ ಬಸ್ಸಿನಲ್ಲೇ ನಡೆಯಿತು ಅಂದರೆ ತಪ್ಪಿಲ್ಲ. ನಾನು ಸೇರಿದ ವರ್ಷವೇ, 2023ರ ಜೂನ್ 11ಕ್ಕೆ, ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಶುರುವಾಯಿತು. ಬಯಲುಸೀಮೆಯ ನೆಂಟರು ‘ನಿಂಗೇನಮ್ಮ, ಬಸ್ಸು ಫ್ರೀ’ ಅಂದರು. ನನ್ನ ಹೊತ್ತಿಗೆ ಬರುವುದು ಖಾಸಗಿ ಬಸ್ಸು. ಅದರಲ್ಲಿ ಶಕ್ತಿ ನಡೆಯುವುದಿಲ್ಲ. ಸರ್ಕಾರಿ ಬಸ್ಸಿಗಾಗಿ ಕಾದರೆ ಮೊದಲ ಪೀರಿಯಡ್ ಹೋಗುತ್ತದೆ. ಹಾಗಾಗಿ ಅರ್ಥಶಾಸ್ತ್ರದ ಮೊದಲ ಪಾಠವನ್ನು ನಾನು ಕ್ಲಾಸಿಗೆ ಹೋಗುವ ಮೊದಲೇ ದಿನಾ ಕಲಿಯುತ್ತಿದ್ದೆ: ದುಡ್ಡು ಉಳಿಸುವುದೋ, ಹೊತ್ತು ಉಳಿಸುವುದೋ.

ನಮ್ಮ ಗುಂಪಿನಲ್ಲಿ ಯಾರಿಗೂ ಹೆಸರಿಲ್ಲ. ಊರೇ ಹೆಸರು. ನಾನು ಮಾದಾಪುರ. ಇನ್ನೊಬ್ಬಳು ನಾಪೋಕ್ಲು. ಒಬ್ಬಳು ಕುಟ್ಟ, ಒಬ್ಬ ಕರಿಕೆ. ಕುಟ್ಟ ಅಂದರೆ ಕೇರಳದ ಗಡಿ, ಕರಿಕೆ ಅಂದರೂ ಕೇರಳದ ಗಡಿ, ಆದರೆ ಎರಡೂ ಜಿಲ್ಲೆಯ ಎರಡು ತುದಿ. ಇಬ್ಬರೂ ಹಾಸ್ಟೆಲ್‌ನಲ್ಲಿದ್ದರು. ಇನ್ನೊಬ್ಬ ನಾಗರಹೊಳೆ ಅಂಚಿನ ಹಾಡಿಯವನು, ಜೇನುಕುರುಬರ ಹುಡುಗ. ಅವನನ್ನು ಮಾತ್ರ ‘ಲೀಡರ್’ ಅನ್ನುತ್ತಿದ್ದೆವು. ಮೊದಲ ವರ್ಷ ಕ್ಲಾಸ್ ಲೀಡರ್ ಆಗಿ ಒಂದೇ ವಾರಕ್ಕೆ ಬಿಟ್ಟುಬಿಟ್ಟ, ಹೆಸರು ಉಳಿದುಕೊಂಡಿತು.

ಕುಟ್ಟದವಳ ಮನೆಮಾತು ಕೊಡವ ತಕ್ಕ್, ನಾಪೋಕ್ಲಿನವಳದು ಮಲಯಾಳ, ಕರಿಕೆಯವನದು ಅರೆಭಾಷೆ. ಲೀಡರ್ ಮನೆಗೆ ಫೋನ್ ಮಾಡಿದಾಗ ಆಡುವ ಮಾತು ಕನ್ನಡದ ಹಾಗೇ ಕೇಳುತ್ತದೆ, ಹತ್ತಿರ ಹೋದರೆ ಅರ್ಧ ಅರ್ಥ ಆಗುವುದಿಲ್ಲ. ಐದು ಜನ ಕೂತರೆ ಕನ್ನಡವೇ ನಡೆಯುತ್ತದೆ. ಜಗಳ ಆದರೆ ಮಾತ್ರ ಅವರವರ ಭಾಷೆ. ನನಗೆ ಬೇರೆ ಭಾಷೆ ಇಲ್ಲದ ಕಾರಣ ನಾನು ಜಗಳದಲ್ಲಿ ಯಾವಾಗಲೂ ಸೋಲುತ್ತಿದ್ದೆ.

ಕಾಲೇಜಿನಲ್ಲಿ ಸಾಂಪ್ರದಾಯಿಕ ಉಡುಪಿನ ದಿನ ಅಂತ ಮಾಡುತ್ತಾರಲ್ಲ, ಆ ದಿನ ಕುಟ್ಟದವಳು ನನಗೆ ಕೊಡವ ಸೀರೆ ಉಡಿಸಿದಳು. ನೆರಿಗೆ ಹಿಂದೆ, ಸೆರಗು ಬಲ ಹೆಗಲಿಗೆ. ಬಾಯಲ್ಲಿ ನಾಲ್ಕು ಪಿನ್ ಕಚ್ಚಿಕೊಂಡು, ‘ಅಲ್ಲಾಡ್ಬೇಡ ಮಾರಾಯ್ತಿ, ಚುಚ್ಚುತ್ತೆ’ ಎಂದು ಬೈಯುತ್ತಾ. ಹಿಂದೆ ನೆರಿಗೆ ಇದ್ದರೆ ಹತ್ತುವುದಕ್ಕೆ ಇಳಿಯುವುದಕ್ಕೆ ಎಷ್ಟು ಸಲೀಸು ಅಂತ ಅವತ್ತೇ ಗೊತ್ತಾಗಿದ್ದು. ಅದೇ ಸೀರೆಯಲ್ಲಿ ಓಡಿ ಬಸ್ಸು ಹಿಡಿದೆ. ಕಂಡಕ್ಟರಣ್ಣ ಗುರುತು ಹಿಡಿಯದೆ ‘ಮೇಡಂ, ಎಲ್ಲಿಗೆ’ ಅಂದರು. ಮೂರು ವರ್ಷದಲ್ಲಿ ನನ್ನನ್ನು ಯಾರಾದರೂ ಮೇಡಂ ಅಂದದ್ದು ಅದೊಂದೇ ಸಲ.

ಮಳೆಗಾಲದ ಬಗ್ಗೆ ಹೇಳದೆ ಕೊಡಗಿನ ಕಾಲೇಜಿನ ಕಥೆ ಮುಗಿಯುವುದಿಲ್ಲ. ಜೂನ್, ಜುಲೈ ಬಂದರೆ ರಾತ್ರಿ ಒಂಬತ್ತಕ್ಕೆ ಎಲ್ಲರ ಕಣ್ಣೂ ಮೊಬೈಲ್ ಮೇಲೆ. ಜಿಲ್ಲಾಧಿಕಾರಿಗಳ ರಜೆಯ ಆದೇಶ ಬರುತ್ತದಾ? ಬರುತ್ತದೆ. ಅಂಗನವಾಡಿ, ಪ್ರಾಥಮಿಕ ಶಾಲೆ, ಪ್ರೌಢಶಾಲೆ, ಪದವಿಪೂರ್ವ ಕಾಲೇಜು. ಅಲ್ಲಿಗೆ ನಿಲ್ಲುತ್ತದೆ. ಪದವಿ ಅನ್ನುವ ಅಕ್ಷರ ಕಂಡು ಒಂದು ಕ್ಷಣ ಜೀವ ಬಂದರೆ, ಪಕ್ಕದಲ್ಲೇ ‘ಪೂರ್ವ’ ಅಂತ ಇರುತ್ತದೆ. ನೀವು ದೊಡ್ಡವರಾಗಿದ್ದೀರಿ ಅಂತ ಸರ್ಕಾರ ಹೇಳುವ ರೀತಿ ಅದು. ತಮ್ಮ ಕಂಬಳಿ ಎಳೆದುಕೊಂಡು ಮಲಗಿದರೆ ನಾನು ರೇನ್‌ಕೋಟ್ ಮೇಲೆ ಕೊಡೆ ಹಿಡಿದು ತೋಟದ ದಾರಿ ಇಳಿಯುತ್ತಿದ್ದೆ. ಕಾಲಿಗೆ ಜಿಗಣೆ. ಬಸ್ಸಿನಲ್ಲಿ ಕೂತ ಮೇಲೆ ಸಾಕ್ಸ್ ಬಿಚ್ಚಿ ನೋಡುವುದು, ಪಕ್ಕದವರು ಬ್ಯಾಗಿನಿಂದ ಉಪ್ಪಿನ ಪೊಟ್ಟಣ ಕೊಡುವುದು. ಇದೂ ಒಂಥರ ಸಹಪಾಠಿತನ.

ನಾವು ಒಂದು ವಿಚಿತ್ರ ಬ್ಯಾಚು. ಎಂಟನೇ ಕ್ಲಾಸಿನಲ್ಲಿದ್ದಾಗ ಗುಡ್ಡ ಜರಿಯಿತು. ಒಂಬತ್ತನೇ ಕ್ಲಾಸು ಮುಗಿಯುವ ಹೊತ್ತಿಗೆ ಕೊರೊನಾ. ಹತ್ತನೇ ಕ್ಲಾಸಿನ ಪಾಠ ಕೇಳಿದ್ದು ತೋಟದ ಎತ್ತರದ ಬಂಡೆ ಮೇಲೆ ಕೂತು, ಅಲ್ಲಿ ಮಾತ್ರ ಸಿಗ್ನಲ್ ಎರಡು ಕಡ್ಡಿ ಬರುತ್ತಿತ್ತು. ಎಸ್ಸೆಸ್ಸೆಲ್ಸಿ ಪರೀಕ್ಷೆ 2021ರ ಜುಲೈ 19 ಮತ್ತು 22, ಎರಡೇ ದಿನ. ಒಂದು ದಿನ ಗಣಿತ, ವಿಜ್ಞಾನ, ಸಮಾಜ, ಇನ್ನೊಂದು ದಿನ ಮೂರೂ ಭಾಷೆ. ಓಎಂಆರ್ ಹಾಳೆಯಲ್ಲಿ ಗುಂಡಗೆ ಕಪ್ಪು ಮಾಡಿ ಬಂದೆವು. ಹತ್ತನೇ ಕ್ಲಾಸು ಹೇಗೆ ಪಾಸಾದಿರಿ ಅಂತ ಈಗಲೂ ಹಿರಿಯರು ಕೆಣಕುತ್ತಾರೆ. ಕೆಣಕಲಿ. ಆ ಬಂಡೆಯ ಮೇಲೆ ಮಳೆಯಲ್ಲಿ ಕೂತಿದ್ದು ನಾವು.

ಡಿಗ್ರಿಗೆ ಬಂದರೆ ಅಲ್ಲೂ ಅದೇ ಕಥೆ. ಅಲ್ಲಿಯವರೆಗೆ ಇಲ್ಲಿನ ಕಾಲೇಜುಗಳು ಮಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 2023ರಲ್ಲಿ ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಶುರುವಾಯಿತು, ನಾವೇ ಮೊದಲ ಬ್ಯಾಚ್. ಹಾಗೇ ರಾಜ್ಯದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಸೇರಿದ ಕೊನೆಯ ಬ್ಯಾಚೂ ನಾವೇ. 2024ರಲ್ಲಿ ಸರ್ಕಾರ ಹಳೆಯ ಮೂರು ವರ್ಷದ ಪದ್ಧತಿಗೆ ಮರಳಿತು, ನಮ್ಮ ಜೂನಿಯರ್‌ಗಳಿಗೆ ಬೇರೆ ಸಿಲಬಸ್. ಅಂದರೆ ನಮ್ಮ ನೋಟ್ಸ್ ಯಾರಿಗೂ ಬೇಡ. ನಮಗೆ ಕೊಡಲು ಸೀನಿಯರ್‌ಗಳ ಹತ್ತಿರವೂ ನಮ್ಮ ವಿಶ್ವವಿದ್ಯಾಲಯದ ಹಳೆ ಪ್ರಶ್ನೆಪತ್ರಿಕೆ ಇರಲಿಲ್ಲ. ಆಮೇಲೆ 2025ರ ಫೆಬ್ರವರಿಯಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ವಿಚಾರ ಸಚಿವ ಸಂಪುಟದ ಉಪಸಮಿತಿಯಿಂದ ಬಂತು. ಆ ವಾರ ಕ್ಲಾಸಿನಲ್ಲಿ ಒಂದೇ ಜೋಕು: ಮದುವೆ ಕಾಗದ ಹಂಚಿದ ಮೇಲೆ ಮಂಟಪ ಕೀಳ್ತಾರಂತೆ. ನಗುತ್ತಿದ್ದೆವು, ಆದರೆ ಮನೆಗೆ ಹೋದ ಮೇಲೆ ಎಲ್ಲರೂ ಅದೇ ಸುದ್ದಿಯನ್ನು ಎರಡೆರಡು ಸಲ ಓದಿದ್ದೆವು.

ಇಷ್ಟೆಲ್ಲ ಹೇಳಿದರೂ, ಈ ಮೂರು ವರ್ಷದಲ್ಲಿ ಎಂತ ಕಲಿತೆ ಅಂತ ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಕ್ಲಾಸಲ್ಲ. ನಮ್ಮ ಅಡುಗೆಮನೆಯ ಅಟ್ಟ.

ಕೊಡಗಿನ ಕಾಫಿ ತೋಟದವರ ಮನೆಯಲ್ಲಿ ದೇವರ ಪಟ ಇರುತ್ತದೋ ಇಲ್ಲವೋ, ಮಳೆಮಾಪಕ ಇರುತ್ತದೆ. ಅಂಗಳದಲ್ಲಿ, ಮರದ ಹನಿ ಬೀಳದ ಕಡೆ, ಒಂದು ಕಂಬ. ಅದರ ಮೇಲೆ ಡಬ್ಬಿ, ಡಬ್ಬಿಗೆ ಆಲಿಕೆ, ಒಳಗೆ ನೀರು ತುಂಬುವ ಪಾತ್ರೆ. ಬೆಳಿಗ್ಗೆ ಎಂಟಕ್ಕೆ ಆ ನೀರನ್ನು ಗೆರೆ ಇರುವ ಗಾಜಿನ ಲೋಟಕ್ಕೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಓದಬೇಕು. ದೇಶವೆಲ್ಲ ಮಿಲಿಮೀಟರ್ ಅಂದರೂ ನಮ್ಮವರಿಗೆ ಇಂಚು ಮತ್ತು ಸೆಂಟು, ಸೆಂಟು ಅಂದರೆ ಇಂಚಿನ ನೂರನೇ ಒಂದು ಭಾಗ. ‘ನಿಮ್ಮಲ್ಲಿ ಎಷ್ಟಾಯ್ತು?’ ‘ಎರಡು ಇಂಚು ನಲವತ್ತು ಸೆಂಟು.’ ಇಷ್ಟು ಆಗದೆ ಬೆಳಗಿನ ಕಾಫಿ ಇಳಿಯುವುದಿಲ್ಲ. ಜಾಗ ಅಳೆಯುವುದೂ ಸೆಂಟಿನಲ್ಲೇ ಆದ ಕಾರಣ ಚಿಕ್ಕವಳಿದ್ದಾಗ ನಾನು, ನಲವತ್ತು ಸೆಂಟು ಮಳೆ ಅಂದರೆ ನಲವತ್ತು ಸೆಂಟು ಜಾಗಕ್ಕೆ ಮಾತ್ರ ಮಳೆ ಬಂತು, ಉಳಿದದ್ದಕ್ಕೆ ಇಲ್ಲ ಅಂದುಕೊಂಡಿದ್ದೆ.

ನಮ್ಮದು ಮೂರು ಎಕರೆ. ಎಸ್ಟೇಟ್ ಅನ್ನಲು ನಾಚಿಕೆ ಆಗುವಷ್ಟು. ಆದರೂ ಅಜ್ಜ 1983ರಿಂದ ಮಳೆ ಬರೆದಿದ್ದರು. ಅವರ ನಂತರ ಅಪ್ಪ. ಉದ್ದನೆಯ ಲೆಕ್ಕದ ಪುಸ್ತಕಗಳು, ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಒಲೆಯ ಮೇಲಿನ ಅಟ್ಟದಲ್ಲಿ. ಬೇರೆ ಎಲ್ಲಿಟ್ಟರೂ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಹೊಗೆ ತಾಗುವ ಕಡೆ ಹಿಡಿಯುವುದಿಲ್ಲ. ಮಳೆ ಬರೆದ ಪುಸ್ತಕವನ್ನು ಮಳೆಯಿಂದ ಕಾಪಾಡುವುದೇ ಒಂದು ಕೆಲಸ.

ಎರಡನೇ ವರ್ಷದಲ್ಲಿ ಮೇಡಂ ಕಾಫಿ ಮಾರುಕಟ್ಟೆಯ ಬಗ್ಗೆ ಪಾಠ ಮಾಡಿದರು. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ನಮ್ಮ ಜಿಲ್ಲೆಯದು, ನಿಮಗೇ ಗೊತ್ತಿಲ್ಲದಿದ್ದರೆ ಹೇಗೆ ಎಂದು ಸಿಲಬಸ್ ಪಕ್ಕಕ್ಕಿಟ್ಟು ಶುರು ಮಾಡಿದ್ದು. ಹಿಂದೆ ಬೆಳೆಗಾರರು ಕಾಫಿಯನ್ನು ತಾವೇ ಮಾರುವಂತಿರಲಿಲ್ಲ. ಎಲ್ಲವನ್ನೂ ಕಾಫಿ ಮಂಡಳಿಗೆ ಕೊಡಬೇಕು. ಮಂಡಳಿ ಎಲ್ಲರ ಕಾಫಿಯನ್ನು ಒಟ್ಟು ಮಾಡಿ ಹರಾಜು ಹಾಕಿ, ಬಂದ ದುಡ್ಡನ್ನು ಕಂತು ಕಂತಾಗಿ ಕೊಡುತ್ತಿತ್ತು. ಆ ಒಟ್ಟು ಮಾಡುವುದಕ್ಕೇ ಪೂಲ್ ಅಂತ ಹೆಸರು. 1992ರಿಂದ ಸ್ವಲ್ಪ ಸ್ವಲ್ಪ ಸಡಿಲಿಸುತ್ತಾ ಬಂದು 1996ಕ್ಕೆ ಅದು ಪೂರ್ತಿ ಹೋಯಿತು.

ನಾನು ಬೆಂಚಿನಲ್ಲಿ ನೆಟ್ಟಗೆ ಕೂತೆ. ಅಜ್ಜನ ಪುಸ್ತಕದ ಅಂಚಿನಲ್ಲಿ ವರ್ಷಕ್ಕೆ ಮೂರು ನಾಲ್ಕು ಕಡೆ ‘ಪೂಲು ಬಂತು’, ‘ಪೂಲು ಬಂದಿಲ್ಲ’ ಎಂದು ಬರೆದಿತ್ತು. ಪೂಲು ಅನ್ನುವುದು ಯಾರದೋ ಹೆಸರು ಅಂತ ನಾನು ಅಂದುಕೊಂಡಿದ್ದೆ. ಬರುತ್ತೇನೆಂದು ಹೇಳಿ ಬಾರದೆ ಇರುವ ಯಾರೋ ಕೆಲಸದವನು. ಆ ಮನುಷ್ಯನ ಮೇಲೆ ನನಗೆ ಸಣ್ಣ ಸಿಟ್ಟೂ ಇತ್ತು, ಅಜ್ಜನನ್ನು ಅಷ್ಟು ಕಾಯಿಸಿದನಲ್ಲ ಅಂತ.

ಮನೆಗೆ ಹೋಗಿ ಅಟ್ಟ ಹತ್ತಿ ಪುಸ್ತಕ ಇಳಿಸಿದೆ. ಆವತ್ತಿನ ತನಕ ಆ ಪುಸ್ತಕಗಳಲ್ಲಿ ನಾನು ನೋಡುತ್ತಿದ್ದದ್ದು ಒಂದೇ ಪುಟ. ನಾನು ಹುಟ್ಟಿದ ದಿನ ಅಪ್ಪ ಬರೆದದ್ದು: ‘ಮಳೆ 0. ಹೆಣ್ಣು ಮಗು. ಇಬ್ಬರೂ ಆರಾಮ.’ ಈಗ ಬೇರೆ ಪುಟ ಓದಿದೆ. 1994ರಲ್ಲಿ ಅಜ್ಜ ಬರೆದಿದ್ದಾರೆ: ‘ಬ್ರೆಜಿಲಿನಲ್ಲಿ ಹಿಮ ಬಿದ್ದಿದೆಯಂತೆ.’ ಅದಾಗಿ ಕೆಲವು ತಿಂಗಳಿಗೆ: ‘ಮಾಡಿಗೆ ಮಂಗಳೂರು ಹೆಂಚು.’ ಇದರ ನಡುವೆ ಏನಾಯಿತು ಅಂತ ಅವರು ಬರೆದಿಲ್ಲ. ಬರೆಯುವ ಅಗತ್ಯ ಅವರಿಗಿರಲಿಲ್ಲ. ಅಲ್ಲಿ ಹಿಮ ಬಿದ್ದರೆ ಇಲ್ಲಿ ಮಾಡಿಗೆ ಹೆಂಚು ಬರುವುದು ಹೇಗೆ ಅಂತ ತಿಳಿಯಲು ನನಗೆ ಎರಡು ಸೆಮಿಸ್ಟರ್ ಬೇಕಾಯಿತು: ಅಲ್ಲಿನ ಕಾಫಿ ಹಾಳಾದರೆ ಇಲ್ಲಿನ ಕಾಫಿಗೆ ಬೆಲೆ ಏರುತ್ತದೆ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಬೇರೆಯವರು ಸ್ವಸಹಾಯ ಸಂಘ, ಹೋಮ್‌ಸ್ಟೇ, ಯುಪಿಐ ಅಂತ ತಗೊಂಡರು. ನಾನು ಮಳೆ ಪುಸ್ತಕ ತಗೊಂಡೆ. ಹೂಮಳೆ ಯಾವಾಗ ಬಂತು, ಆ ವರ್ಷ ಎಷ್ಟು ಚೀಲ ಆಯಿತು, ಇಷ್ಟೇ. ಕಾಫಿ ಗಿಡಕ್ಕೆ ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ಇಂಚಿನಷ್ಟು ಮಳೆ ಬೇಕು. ಅದು ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗಾಗುತ್ತದೆ. ಆಮೇಲೆ ಕಾಯಿ ಕಚ್ಚಲು ಎರಡು ಮೂರು ವಾರದಲ್ಲಿ ಇನ್ನೊಂದು ಮಳೆ. ಎರಡರಲ್ಲಿ ಒಂದು ಕೈಕೊಟ್ಟರೂ ವರ್ಷವೇ ಹೋಯಿತು. ಪುಸ್ತಕ ಹಿಡಿದುಕೊಂಡು ಕಂಪ್ಯೂಟರ್ ಲ್ಯಾಬಿಗೆ ಹೋದರೆ ಲ್ಯಾಬ್ ತುಂಬ ಹೊಗೆ ವಾಸನೆ. ‘ಯಾರು ಒಣಮೀನು ತಂದಿದ್ದು?’ ಅಂದಳು ನಾಪೋಕ್ಲು. ಅವಳೇ ಕೊನೆಗೆ ನನ್ನ ಪಕ್ಕ ಕೂತು ಅಂಕಿ ಓದಿ ಹೇಳಿದ್ದು. ಅವಳು ಓದುವುದು, ನಾನು ಟೈಪ್ ಮಾಡುವುದು. ಅಜ್ಜ ಬರೆದದ್ದು ಕನ್ನಡ ಅಂಕಿಯಲ್ಲಿ. ೬ ಮತ್ತು ೯ ಅವರ ಕೈಯಲ್ಲಿ ಒಂದೇ ಥರ. ಅದನ್ನು ಬಿಡಿಸುವುದಕ್ಕೇ ಎರಡು ದಿನ ಹೋಯಿತು. ಅಪ್ಪನದು ಇಂಗ್ಲಿಷ್ ಅಂಕಿ. ಅದರಲ್ಲೂ ಕೆಲವು ಕಡೆ 7ಕ್ಕೆ ಹೊಟ್ಟೆಯ ಮೇಲೆ ಅಡ್ಡಗೆರೆ ಇತ್ತು, ಕೆಲವು ಕಡೆ ಇರಲಿಲ್ಲ. ‘ನಿಮ್ಮಪ್ಪ ಮೂಡ್ ನೋಡಿ ಬರೀತಾರಾ?’ ಅಂದಳು. ನಾನೂ ಹಾಗೇ ಅಂದುಕೊಂಡೆ.

2018ಕ್ಕೆ ಬಂದೆವು. ಜೂನ್ ಇದೆ, ಜುಲೈ ಇದೆ. ಆಗಸ್ಟ್ 16ರ ತನಕ ಇದೆ. 17ರಿಂದ 27ರ ತನಕ ದಿನಾಂಕ ಬರೆದಿದೆ, ಮುಂದೆ ಏನೂ ಇಲ್ಲ. ಹನ್ನೊಂದು ಖಾಲಿ ಗೆರೆ. ನಾಪೋಕ್ಲು ಬೆರಳಿಟ್ಟುಕೊಂಡು ‘ಇಲ್ಲಿ?’ ಅಂದಳು.

ಆ ಆಗಸ್ಟ್ 16ರ ಸಂಜೆ ನಾವು ಮನೆ ಬಿಟ್ಟಿದ್ದೆವು. ಮೇಲಿನ ಗುಡ್ಡದಿಂದ ಬರುವ ತೋಡಿನ ನೀರು ಕೆಂಪಾಯಿತು, ಆಮೇಲೆ ಒಮ್ಮೆಗೇ ನಿಂತುಹೋಯಿತು. ಅಷ್ಟು ಮಳೆಯಲ್ಲಿ ತೋಡು ನಿಂತರೆ ಮೇಲೆ ಎಲ್ಲೋ ಮಣ್ಣು ಕಟ್ಟಿಕೊಂಡಿದೆ ಅಂತ ಅರ್ಥ. ಅಪ್ಪ ಒಂದು ಮಾತೂ ಆಡಲಿಲ್ಲ, ದನದ ಹಗ್ಗ ಬಿಚ್ಚಿಬಿಟ್ಟರು. ಹನ್ನೊಂದು ದಿನ ಪರಿಹಾರ ಕೇಂದ್ರದ ಸಿಮೆಂಟ್ ನೆಲ, ಎಲ್ಲರದ್ದೂ ಒಂದೇ ಥರದ ಚಾಪೆ. ಮನೆಗೆ ವಾಪಸ್ ಬಂದಾಗ ಮನೆ ಇತ್ತು. ತೋಟದ ಕೆಳಗಿನ ತುಂಡು ಇರಲಿಲ್ಲ. ಮಳೆಮಾಪಕ ಹಾಗೇ ನಿಂತಿತ್ತು, ತುಂಬಿ ತುಳುಕಿ. ಅಪ್ಪ ಅದನ್ನು ಅಳೆಯದೆ ಚೆಲ್ಲಿದರು. ನಮ್ಮದು ಅಷ್ಟಕ್ಕೇ ಮುಗಿಯಿತು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ ಕಡೆ ಮನೆ ಹೋದವರು ಈಗ ಜಂಬೂರು, ಕರ್ಣಂಗೇರಿಯ ಹೊಸ ಮನೆಗಳ ಸಾಲಿನಲ್ಲಿದ್ದಾರೆ. ಮನೆ ಗಟ್ಟಿಯಾಗಿದೆ, ಆದರೆ ತೋಟ ಬೆಟ್ಟದಲ್ಲಿ, ಮನೆ ಬಯಲಲ್ಲಿ. ಬಸ್ಸಿನಲ್ಲಿ ಕತ್ತಿ, ಬುತ್ತಿ ಹಿಡಿದು ತಮ್ಮದೇ ತೋಟಕ್ಕೆ ಟಿಕೆಟ್ ತೆಗೆಯುವವರು ಇವರೇ. ಅಂಗಡಿ ಸ್ಟಾಪಿನಲ್ಲಿ ಇಳಿಯುವವರೂ ಇವರೇ.

ಮೇಡಂಗೆ ಹನ್ನೊಂದು ದಿನದ ವಿಷಯ ಹೇಳಿದೆ. ‘ಪಕ್ಕದ ಯಾವುದಾದರೂ ಮಳೆ ಕೇಂದ್ರದ ಅಂಕಿ ತಗೊಂಡು ತುಂಬಿಸಬಹುದು, ಎಲ್ಲರೂ ಹಾಗೇ ಮಾಡ್ತಾರೆ, ತಪ್ಪೇನಿಲ್ಲ’ ಅಂದರು. ಸರಿ ಅನ್ನಿಸಿತು. ರಾತ್ರಿ ಊಟ ಮಾಡುವಾಗ ಅಪ್ಪನಿಗೆ ಹೇಳಿದೆ. ಅಪ್ಪ ರೊಟ್ಟಿ ಮುರಿಯುವುದು ನಿಲ್ಲಿಸಲಿಲ್ಲ.

‘ನಾನು ಅಳೆಯದ ಮಳೆ ನನ್ನ ಪುಸ್ತಕದಲ್ಲಿ ಬರೀಬೇಡ.’

‘ಪುಸ್ತಕದಲ್ಲಲ್ಲ ಅಪ್ಪ, ಕಂಪ್ಯೂಟರಲ್ಲಿ.’

‘ಎಲ್ಲಿಯಾದ್ರೂ.’

ಖಾಲಿ ಬಿಟ್ಟೆ. ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರು ಸರಿಯಾಗಿ ಆ ಪುಟಕ್ಕೇ ಬಂದು, ‘ಇದೇನಮ್ಮ, ಡೇಟಾ ಇಲ್ವಲ್ಲ’ ಅಂದರು. ಎರಡು ವಾರ ಕೂತು ತಯಾರಿ ಮಾಡಿದ ಉತ್ತರ ಇತ್ತು. ಬಾಯಿಗೆ ಬಂದದ್ದು ‘ನಾವು ಮನೇಲಿ ಇರಲಿಲ್ಲ ಸರ್’. ಅವರು ಮೇಲಿನ ತಿಂಗಳು ನೋಡಿದರು, ವರ್ಷ ನೋಡಿದರು. ಪುಟ ತಿರುಗಿಸಿದರು. ಒಂದು ತೋಟದ ಅಂಕಿಯಿಂದ ದೊಡ್ಡ ಮಾತು ಹೇಳಲಾಗದು ಅಂತ ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರು. ನಿಜವೇ. ನಾನು ದೊಡ್ಡ ಮಾತು ಹೇಳಿಯೂ ಇರಲಿಲ್ಲ. ಅಜ್ಜನ ಕಾಲದಲ್ಲಿ ‘ಹೂಮಳೆ’ ಅಂತ ಬರೆದಿರುವ ಜಾಗದಲ್ಲಿ ಅಪ್ಪನ ಕಾಲದಲ್ಲಿ ‘ಪಂಪ್ ಹಾಕಿದೆ’ ಅಂತ ಜಾಸ್ತಿ ಇದೆ, ಅಂದರೆ ಬಾರದ ಮಳೆಯ ಬದಲು ನೀರು ಹಾಯಿಸಿದ್ದು, ಅಷ್ಟನ್ನು ಮಾತ್ರ ಬರೆದಿದ್ದೆ.

ಈಗ ಎಲ್ಲರದ್ದೂ ಒಂದೇ ಪ್ರಶ್ನೆ. ಮುಂದೆ ಎಂತ?

ಕಾಲೇಜಿಗೆ ಒಂದು ಕಂಪನಿಯವರು ಬಂದಿದ್ದರು, ಹೆಸರು ಬೇಡ. ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಅಂದರು. ಬಾಯಿಪಾಠ ಮಾಡಿದ್ದನ್ನು ಶುರು ಮಾಡಿ ಊರಿನ ಹೆಸರು ಹೇಳುವಷ್ಟರಲ್ಲಿ ಅವರ ಮುಖ ಅರಳಿತು. ‘ಓ, ಕೂರ್ಗ್! ಎಷ್ಟು ಲಕ್ಕಿ ನೀವು!’ ಆಮೇಲೆ ಮಾಂದಲಪಟ್ಟಿಗೆ ಜೀಪು ಎಲ್ಲಿ ಸಿಗುತ್ತದೆ, ಒಳ್ಳೆ ಹೋಮ್‌ಸ್ಟೇ ಯಾವುದು, ಶನಿವಾರ ಟ್ರಾಫಿಕ್ ಇರುತ್ತದಾ ಅಂತ ಕೇಳಿದರು. ನಾನು ಎಲ್ಲದಕ್ಕೂ ಸರಿಯಾದ ಉತ್ತರ ಕೊಟ್ಟೆ. ಕೆಲಸ ಸಿಗಲಿಲ್ಲ. ಅವರ ಟ್ರಿಪ್ ಚೆನ್ನಾಗಿ ಆಗಿರಬೇಕು.

ಕರಿಕೆಯವನಿಗೆ ಡ್ರೈವಿಂಗ್ ಲೈಸೆನ್ಸ್ ಇದೆ, ಸಾಲ ಮಾಡಿ ಜೀಪು ತಗೋತಾನಂತೆ. ನಾಪೋಕ್ಲಿನವಳು ಬಿ.ಎಡ್. ಮಾಡಬೇಕು ಅಂತಿದ್ದಾಳೆ, ಮನೆಯಲ್ಲಿ ಮದುವೆ 'ಮಾತು' ಶುರುವಾಗಿದೆ. ಯಾವುದು ಮೊದಲು ಅಂತ ಅವಳಿಗೂ ಗೊತ್ತಿಲ್ಲ. ಕುಟ್ಟದವಳು ಬೆಂಗಳೂರಿಗೆ ಹೋಗುವುದು ಖಚಿತ. ಅವರ ಒಕ್ಕದ, ಅಂದರೆ ಕುಲದ, ಮೂಲಮನೆಯಾದ ಐನ್‌ಮನೆಗೆ ಈಗ ವರ್ಷಕ್ಕೊಮ್ಮೆ ಪುತ್ತರಿ ಸುಗ್ಗಿಹಬ್ಬಕ್ಕೆ ಮಾತ್ರ ಜನ ಬರುತ್ತಾರಂತೆ. ಲೀಡರ್ ಅರಣ್ಯ ಇಲಾಖೆಯ ಪರೀಕ್ಷೆಗೆ ಓದುತ್ತಿದ್ದಾನೆ. ಅವನ ಅಜ್ಜನ ಕಾಲದಲ್ಲಿ ಅವರನ್ನು ಕಾಡಿನಿಂದ ಹೊರಗೆ ಕಳಿಸಿದ್ದರು. ‘ನಾನು ಅದೇ ಕಾಡಿಗೆ ಯೂನಿಫಾರ್ಮ್ ಹಾಕ್ಕೊಂಡು ವಾಪಸ್ ಹೋಗ್ತೀನಿ ನೋಡು’ ಅನ್ನುತ್ತಾನೆ. ಅವನು ನಗುತ್ತಲೇ ಹೇಳುತ್ತಾನೆ. ನಾವು ನಗಬೇಕೋ ಬೇಡವೋ ಗೊತ್ತಾಗದೆ ಟೀ ಕುಡಿಯುತ್ತೇವೆ.

ನಾನು ಮೈಸೂರಿನಲ್ಲಿ ಎಂ.ಎ. ಅಂದುಕೊಂಡಿದ್ದೇನೆ. ಮಾನಸಗಂಗೋತ್ರಿಗೆ ಅರ್ಜಿ ಹಾಕುವುದು. ಪಿ.ಜಿ. ಮಾಡ್ತೀನಿ ಅಂತ ಅಮ್ಮನಿಗೆ ಹೇಳಿದಾಗ ಅಮ್ಮ ಮುಖ ಸಣ್ಣ ಮಾಡಿದರು. ‘ಪಿ.ಜಿ.ಲಿ ಊಟ ಚೆನ್ನಾಗಿರಲ್ವಂತೆ. ಅತ್ತೆ ಮಗಳು ಬೆಂಗಳೂರಲ್ಲಿ ಪಿ.ಜಿ.ಲಿದ್ದು ಹೊಟ್ಟೆ ಹಾಳು ಮಾಡ್ಕೊಂಡ್ಲು.’ ಓದುವ ಪಿ.ಜಿ. ಬೇರೆ, ಉಳಿಯುವ ಪಿ.ಜಿ. ಬೇರೆ ಅಂತ ಬಿಡಿಸಿ ಹೇಳಿದೆ. ಎಲ್ಲ ಕೇಳಿ ಆದ ಮೇಲೆ, ‘ಅಂದ್ರೆ ಎರಡೂ ಬೇಕಲ್ಲ?’ ಅಂದರು. ಹೌದಲ್ಲ, ಎರಡೂ ಬೇಕು.

ಊರಿನವರದ್ದು ಬೇರೆ ಲೆಕ್ಕ. ರೋಬಸ್ಟಾ ಕಾಫಿಗೆ ಎಂದೂ ಕಾಣದ ಬೆಲೆ ಬಂತಲ್ಲ, ಅದಾದ ಮೇಲೆ ‘ಓದಿ ಎಂತ ಮಾಡೋದು, ತೋಟ ನೋಡ್ಕೊಂಡ್ರೆ ಸಾಕು’ ಅನ್ನುವವರು ಜಾಸ್ತಿ ಆದರು. ಇವರೇ ನಾಲ್ಕು ವರ್ಷದ ಹಿಂದೆ ‘ತೋಟದಲ್ಲಿ ಎಂತ ಉಂಟು, ಮಕ್ಕಳನ್ನು ಓದಿಸಿ ಕಳಿಸಿಬಿಡಿ’ ಅನ್ನುತ್ತಿದ್ದರು. ಅಜ್ಜನ ಪುಸ್ತಕ ಓದಿದ ಮೇಲೆ ನನಗೆ ಈ ಮಾತು ಹೊಸದಲ್ಲ. ಬೆಲೆ ಏರಿದಾಗ ಮಾಡಿಗೆ ಹೆಂಚು ಬರುತ್ತದೆ. ಇಳಿದಾಗ ‘ಪೂಲು ಬಂದಿಲ್ಲ’. ನಮ್ಮ ತೋಟದಲ್ಲಿ ಅರೇಬಿಕಾ ಕಾಫಿ ಬಿಳಿ ಕಾಂಡಕೊರಕ ಹುಳಕ್ಕೆ ಹೋಗಿ, ಅಪ್ಪ ರೋಬಸ್ಟಾ ಹಾಕಿದ್ದೂ ಅದೇ ಪುಸ್ತಕದಲ್ಲಿದೆ. ಮೂರು ಎಕರೆಯಲ್ಲಿ ಒಂದು ತುಂಡು ಹೊಳೆಗೆ ಹೋಗಿ, ಉಳಿದದ್ದರಲ್ಲಿ ನಾಲ್ಕು ಜನ ಬದುಕುವುದು ಹೇಗೆ ಅಂತ ಹೇಳುವವರು ಯಾರೂ ಹೇಳುವುದಿಲ್ಲ.

ನನಗೆ ಹೋಗಲು ಆಸೆಯೇ ಇದೆ. ಅದನ್ನು ಮುಚ್ಚಿಟ್ಟು ಮಣ್ಣಿನ ಮೇಲಿನ ಪ್ರೀತಿ ಅಂತ ಬರೆಯುವುದು ನನ್ನಿಂದ ಆಗದು. ದೊಡ್ಡ ಲೈಬ್ರರಿಯಲ್ಲಿ ಹೊತ್ತು ನೋಡದೆ ಕೂರಬೇಕು. ಸಂಜೆಯ ಬಸ್ಸಿನ ಭಯ ಇಲ್ಲದೆ ಒಮ್ಮೆಯಾದರೂ ಕಾಫಿ ಪೂರ್ತಿ ಕುಡಿಯಬೇಕು. ರೈಲಿನಲ್ಲಿ ಓಡಾಡಬೇಕು, ನಮ್ಮ ಜಿಲ್ಲೆಯಲ್ಲಿ ರೈಲೇ ಇಲ್ಲ, ಇಷ್ಟು ವರ್ಷಕ್ಕೆ ಎರಡೇ ಸಲ ಹತ್ತಿದ್ದೇನೆ. ಕಾಡುತ್ತಿದ್ದದ್ದು ಒಂದೇ. ಅಪ್ಪನಿಗೆ ಈಗ ಬಲಗಣ್ಣು ಮಂಜು. ಕಳೆದ ಮಳೆಗಾಲದಿಂದ ಗಾಜಿನ ಲೋಟ ನಾನೇ ಓದಿ ಹೇಳುತ್ತಿದ್ದೆ, ಅವರು ಬರೆಯುತ್ತಿದ್ದರು. ತಮ್ಮನಿಗೆ ಎಂಟು ಗಂಟೆ ಅಂದರೆ ನಡುರಾತ್ರಿ. ನಾನು ಹೋದರೆ ಪುಸ್ತಕ?

ಈ ವರ್ಷದ ಹೂಮಳೆ ಮಾರ್ಚ್‌ನಲ್ಲಿ ಒಂದು ರಾತ್ರಿ ಬಂತು. ಗುಡುಗು, ಆಮೇಲೆ ಶೀಟಿನ ಮೇಲೆ ಕಲ್ಲು ಸುರಿದ ಹಾಗೆ. ಅಪ್ಪ ನೆಂಟರ ಮನೆಯ ಮದುವೆಗೆ ಶನಿವಾರಸಂತೆಗೆ ಹೋಗಿದ್ದರು. ಬೆಳಿಗ್ಗೆ ನಾನು ಬಸ್ಸಿಗೆ ಹೊರಡುವ ಅವಸರದಲ್ಲಿ ಹಲ್ಲುಜ್ಜುತ್ತಾ ಅಂಗಳಕ್ಕೆ ಬಂದರೆ, ಅಮ್ಮ ಮಳೆಮಾಪಕದ ಹತ್ತಿರ ನಿಂತಿದ್ದರು. ಸೆರಗಿನಿಂದ ಗಾಜಿನ ಲೋಟ ಒರೆಸಿ, ನೀರು ಸುರಿದು, ಬೆಳಕಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು. ಒಳಗೆ ಹೋಗಿ ಅಟ್ಟದಿಂದ ಪುಸ್ತಕ ತೆಗೆದು, ಒಲೆಯ ಪಕ್ಕ ನಿಂತುಕೊಂಡೇ ಬರೆದರು. ನಾನು ಹೆಗಲ ಮೇಲಿಂದ ಇಣುಕಿದೆ. 1.17. ಏಳರ ಹೊಟ್ಟೆಗೆ ಅಡ್ಡಗೆರೆ.

ಬ್ರಷ್ ಬಾಯಲ್ಲೇ ಇತ್ತು. ಪುಸ್ತಕ ಕಿತ್ತುಕೊಂಡು ಹಿಂದೆ ಹಿಂದೆ ತಿರುಗಿಸಿದೆ. 2023ರಲ್ಲಿ ಇದೆ. 2016ರಲ್ಲಿ ಇದೆ. ನಾನು ಹುಟ್ಟುವ ಮೊದಲೂ ಇದೆ.

‘ಅಮ್ಮ, ಇದೆಲ್ಲ ನೀವು ಬರ್ದಿದ್ದಾ? ಯಾಕೆ ಒಂದ್ ಸಲಾನೂ ಹೇಳ್ಲಿಲ್ಲ?’

‘ನೀನು ಕೇಳಿದ್ದು ನಿಮ್ಮಪ್ಪನ ಹತ್ರ ಅಲ್ವಾ’ ಅಂದರು. ಪುಸ್ತಕ ನನ್ನ ಕೈಯಿಂದ ತಗೊಂಡು ಚೀಲದಲ್ಲಿ ಸುತ್ತಿದರು. ‘ಅವರು ಸಂತೆಗೆ ಹೋದ್ರೆ ಮಳೆ ನಿಲ್ಲುತ್ತಾ? ಹೊರಡು, ಬಸ್ಸು ಬರೋ ಹೊತ್ತಾಯ್ತು.’